ಶಾಲೆಗೆ ಟಿಟಿಯಾ, ಮಿನಿ ಬಸ್ಸಾ, ದೊಡ್ಡ ಬಸ್ಸಾ? ಕರಾವಳಿಯ ರಸ್ತೆ ನೋಡಿ ಗಾಡಿ ಆರಿಸುವ ಬಗೆ

ಫೆಬ್ರವರಿ ದಾಟಿತೆಂದರೆ ಬಸ್ ಹುಚ್ಚಿನವರಿಗೆಲ್ಲ ಒಂದೇ ಥರದ ಫೋನು ಬರಲು ಶುರುವಾಗುತ್ತದೆ. "ಶಾಲೆಗೆ ಗಾಡಿ ತೆಗೆಯಬೇಕು ಮಾರಾಯ್ರೆ. ಟಿಟಿ ತೆಗೆಯುವುದಾ, ಬಸ್ಸೇ ತೆಗೆಯುವುದಾ?" ಟಿಟಿ ಅಂದರೆ ಟೆಂಪೋ ಟ್ರಾವೆಲರ್, ದೊಡ್ಡ ವ್ಯಾನು. ಕೇಳುವವರಲ್ಲಿ ಆಡಳಿತ ಮಂಡಳಿಯವರಿದ್ದಾರೆ, ಸ್ವಂತ ಗಾಡಿ ಇಟ್ಟು ಶಾಲೆಗೆ ಓಡಿಸುವ ಮಾಲಕರಿದ್ದಾರೆ. ಕೈಯಲ್ಲಿ ನಾಲ್ಕು ಕೊಟೇಶನ್, ತಲೆಯಲ್ಲಿ ನಲ್ವತ್ತು ಮಂದಿಯ ಸಲಹೆ.

ಬಸ್ಸಿನ ವಿಷಯದಲ್ಲಿ ನಮ್ಮ ಕಡೆ ಸಲಹೆಗೆ ಬರ ಇಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲೋ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲೋ ನಿಂತು, ಹಾರ್ನ್ ಕೇಳಿಯೇ ಯಾವ ಬಸ್ ಬಂತು ಎಂದು ಹೇಳುವ ಹುಡುಗರಿದ್ದಾರೆ. ಹೊಸ ಶಾಲಾ ಬಸ್ ರಸ್ತೆಗಿಳಿದರೆ ಅವರು ಮೊದಲು ನೋಡುವುದು ಮುಂದಿನ ಗ್ಲಾಸು, ಲೈಟು, ಬಾಡಿ ಎಲ್ಲಿ ಕಟ್ಟಿದ್ದು ಅಂತ. ನಾನೂ ನೋಡುತ್ತೇನೆ. ಆದರೆ ಶಾಲೆಯ ಗಾಡಿಯನ್ನು ಮುಖ ನೋಡಿ ಆರಿಸುವುದು ಬೇಡ. ರೂಟಿನ ಕೊನೆಯ ಸ್ಟಾಪ್ ಎಲ್ಲಿದೆ, ಅಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಹೇಗೆ ಇಳಿಯುತ್ತದೆ, ಇದರಿಂದ ಶುರು ಮಾಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಏನು ನೋಡಬೇಕು

ರಸ್ತೆಯನ್ನು. ಟಿಟಿಯ ಅಗಲ ಎರಡು ಮೀಟರಿನ ಆಸುಪಾಸು, ದೊಡ್ಡ ಬಸ್ಸಿನದು ಎರಡೂವರೆ ಮೀಟರಿನ ಹತ್ತಿರ. ಅರ್ಧ ಮೀಟರ್ ಏನು ಮಹಾ ಅನ್ನಿಸಬಹುದು. ಶಿರ್ವ, ಕಟಪಾಡಿ, ಕಿನ್ನಿಗೋಳಿ ಕಡೆಯ ಒಳರಸ್ತೆಗೆ ಹೋಗಿ ನೋಡಿ. ಒಂದು ಬದಿ ಮುರಕಲ್ಲಿನ ಕಂಪೌಂಡು, ಇನ್ನೊಂದು ಬದಿ ತೋಡು. ಎದುರಿಂದ ರಿಕ್ಷಾ ಬಂದರೆ ಆ ಅರ್ಧ ಮೀಟರಿನಲ್ಲೇ ಎಲ್ಲವೂ ನಡೆಯಬೇಕು. ತಿರುಗಿಸಲು ಜಾಗ ಇಲ್ಲದಿದ್ದರೆ ಡ್ರೈವರ್ ರಿವರ್ಸ್ ಬರುತ್ತಾನೆ. ಶಾಲೆಯ ಗಾಡಿ ಮಕ್ಕಳ ಮಧ್ಯೆ ರಿವರ್ಸ್ ಬರುವುದಕ್ಕಿಂತ ಅಪಾಯದ ಕೆಲಸ ಬೇರೆ ಇಲ್ಲ. ಹಾಗಾಗಿ ಪ್ರತಿ ರೂಟಿನಲ್ಲಿ ರಿವರ್ಸ್ ಇಲ್ಲದೆ ತಿರುಗುವ ಜಾಗ ಯಾವುದು ಎಂದು ಗುರುತು ಹಾಕಿ, ಆ ಜಾಗಕ್ಕೆ ಯಾವ ಗಾಡಿ ಹಿಡಿಸುತ್ತದೋ ಅದೇ ನಿಮ್ಮ ಗಾಡಿಯ ಗರಿಷ್ಠ ಉದ್ದ.

ಎರಡನೆಯದು ಮೆಟ್ಟಿಲು. ಶೋರೂಮಿನ ಸಪಾಟು ನೆಲದ ಮೇಲೆ ಎಲ್ಲ ಬಸ್ಸಿನ ಮೆಟ್ಟಿಲೂ ಸರಿಯಾಗಿಯೇ ಕಾಣುತ್ತದೆ. ನಮ್ಮಲ್ಲಿ ಕಾಂಕ್ರೀಟ್ ರಸ್ತೆಯ ಅಂಚು ಮಣ್ಣಿಗಿಂತ ಒಂದು ಗೇಣು ಎತ್ತರ ಇರುತ್ತದಲ್ಲ, ಗಾಡಿ ಕಾಂಕ್ರೀಟಿನ ಮೇಲೆ ನಿಲ್ಲುತ್ತದೆ, ಮಗು ಇಳಿಯಬೇಕಾದದ್ದು ಮಣ್ಣಿಗೆ. ಯುಕೆಜಿ ಮಗು ಇಳಿಯುವುದನ್ನು ಒಮ್ಮೆ ಗಮನಿಸಿ. ಮೊದಲು ಕೊಡೆಯನ್ನು ಆಯಾಳ ಕೈಗೆ ಕೊಡುತ್ತದೆ. ಆಮೇಲೆ ಬೆನ್ನು ಹೊರಗೆ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲನ್ನು ಕೆಳಗೆ ಬಿಟ್ಟು ನೆಲ ಹುಡುಕುತ್ತದೆ. ನೆಲ ಸಿಗುವವರೆಗೆ ಬ್ಯಾಗು ಮೇಲಿನ ಮೆಟ್ಟಿಲಿಗೆ ಸಿಕ್ಕಿಕೊಂಡಿರುತ್ತದೆ. ಕೆಳಗಿನ ಕಂಬಿ ಮಗುವಿನ ಎತ್ತರಕ್ಕೆ ಇಲ್ಲದಿದ್ದರೆ ಅದು ಹಿಡಿಯುವುದು ಬಾಗಿಲಿನ ಅಂಚನ್ನು. ಆಮೇಲೆ ಬೆರಳು ಸಿಕ್ಕಿಕೊಂಡಿತು ಎಂದು ಕೂಗಾಡಿ ಪ್ರಯೋಜನ ಇಲ್ಲ. ಅಂದ ಹಾಗೆ, ಆಯಾ ಕೂರುವ ಸೀಟಿನಿಂದ ಬಾಗಿಲು ಕೈಗೆ ಸಿಗುತ್ತದಾ ಅಂತಲೂ ನೋಡಿ. ಒಂದು ಸೀಟು ಜಾಸ್ತಿ ಹಾಕುವ ಆಸೆಗೆ ಆಕೆಯನ್ನು ಹಿಂದಕ್ಕೆ ತಳ್ಳಿದ ಗಾಡಿಗಳು ಬೇಕಾದಷ್ಟಿವೆ.

ಮೂರನೆಯದು ಮಳೆ ಮತ್ತು ಉಪ್ಪುಗಾಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಜಾಗ ಇದು. ಘಟ್ಟದ ಮೇಲೆ ಹದಿನೈದು ವರ್ಷ ಬಾಳುವ ಬಾಡಿ ಇಲ್ಲಿ ಅಷ್ಟು ಬಾಳುವುದಿಲ್ಲ. ಅದೂ ಶಾಲೆಯ ಗಾಡಿ ಏಪ್ರಿಲ್-ಮೇಯಲ್ಲಿ ಅಂಗಳದಲ್ಲಿ ಸುಮ್ನೆ ನಿಂತಿರುತ್ತದೆ. ಓಡುವ ಗಾಡಿಗಿಂತ ನಿಂತ ಗಾಡಿಗೆ ತುಕ್ಕು ಬೇಗ ಎಂದು ಗ್ಯಾರೇಜಿನವರು ಸುಮ್ಮನೆ ಹೇಳುವುದಲ್ಲ. ಮಣ್ಣು, ಒದ್ದೆ ಎಲೆ ಅಡಿಯಲ್ಲಿ ಹಾಗೇ ಕೂತಿರುತ್ತದೆ.

ನಾಲ್ಕನೆಯದು ಹೊಗೆಯ ವಿಷಯ, ಇದನ್ನು ಸೇಲ್ಸ್‌ನವರು ಕೇಳದೆ ಹೇಳುವುದಿಲ್ಲ. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ಮಾನದಂಡಕ್ಕೆ, ಅಂದರೆ ಬಿಎಸ್-6ಕ್ಕೆ, ತಕ್ಕಂತೆ ಬರುವ ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಿ ಬಿಸಿಯಾದರೆ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ಶಾಲೆಯ ಗಾಡಿಯ ಓಟ ಹೇಗೆ? ಇನ್ನೂರು ಮೀಟರ್ ಹೋಗಿ ನಿಲ್ಲುವುದು, ಮತ್ತೆ ಹೋಗಿ ನಿಲ್ಲುವುದು. ಫಿಲ್ಟರ್ ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬಂದಾಗ ಗಾಡಿ ನಿಲ್ಲಿಸಿಯೇ ಮಸಿ ಸುಡುವ ಬಗೆಯನ್ನು ಡ್ರೈವರ್‌ಗೆ ಕಲಿಸಿಕೊಡಲು ಶೋರೂಮಿಗೆ ಹೇಳಿ. ಕಲಿಯದಿದ್ದರೆ ಇಂಜಿನ್ ಪವರ್ ಇಳಿಸಿಕೊಂಡು ಏರು ಚಡಾವಿನ ಮಧ್ಯದಲ್ಲಿ ಕೈ ಕೊಡುತ್ತದೆ.

ಇನ್ನುಳಿದ ಕಾಯ್ದೆಯ ವಿಷಯಗಳಲ್ಲಿ ಆಯ್ಕೆಯೇ ಇಲ್ಲ. ಹಳದಿ ಬಣ್ಣ, ಶಾಲೆಯ ಹೆಸರು ಮತ್ತು ಫೋನ್ ನಂಬರ್, ಕಿಟಕಿಗೆ ಅಡ್ಡ ಸರಳು, ಫಸ್ಟ್ ಏಡ್ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಗಂಟೆಗೆ 40 ಕಿ.ಮೀ. ದಾಟದ ಹಾಗೆ ವೇಗ ತಡೆಯುವ ಗವರ್ನರ್, ಐದು ವರ್ಷ ಅನುಭವದ ಡ್ರೈವರ್. ಇವುಗಳಲ್ಲಿ ಹಲವು 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು. ಶಾಲಾ ಬಸ್ಸಿನ ವಿನ್ಯಾಸಕ್ಕೇ ಎಐಎಸ್-063 ಎಂಬ ಬೇರೆ ಮಾನದಂಡ ಇದೆ. ಕೊಟೇಶನ್ನಿನಲ್ಲಿ ಆ ನಂಬರ್ ಇದೆಯಾ ಎಂದು ಕೇಳಿ. ಪ್ರವಾಸಿ ಗಾಡಿಗೆ ಹಳದಿ ಬಣ್ಣ ಹೊಡೆಸಿದರೆ ಅದು ಶಾಲಾ ಬಸ್ ಆಗುವುದಿಲ್ಲ.

ಹಳದಿಯ ಬಗ್ಗೆ ಕೆಲವರಿಗೆ ಅಸಮಾಧಾನ, ಎಲ್ಲ ಬಸ್ಸೂ ಒಂದೇ ಥರ ಕಾಣುತ್ತದೆ ಅಂತ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಭೆ ಸೇರಿ ಈ ಬಣ್ಣ ಆರಿಸಿದ್ದು, ನಸುಬೆಳಕಿನಲ್ಲೂ ಅದರ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದು. ಜಡಿಮಳೆಯ ಆಟಿ ತಿಂಗಳ ಬೆಳಿಗ್ಗೆ ಏಳೂವರೆಗೆ ಹೆದ್ದಾರಿಯಲ್ಲಿ ವೈಪರ್ ಹಾಕಿಕೊಂಡು ಓಡಿಸಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಓಮ್ನಿ, ಈಕೋ ಥರದ ಚಿಕ್ಕ ವ್ಯಾನು

ಬಜೆಟ್ ಕಡಿಮೆ ಇದ್ದವರು ಮೊದಲು ಯೋಚಿಸುವುದು ಇದನ್ನೇ. ನನ್ನ ಮಾತು ಚಿಕ್ಕದು: ಬೇಡ. ಓಮ್ನಿ ತಯಾರಿ 2019ರಲ್ಲೇ ನಿಂತಿದೆ, ಆದರೆ ಹಳೆಯವು ಇನ್ನೂ ಓಡುತ್ತಿವೆ. 2016ರ ಜೂನ್‌ನಲ್ಲಿ ಕುಂದಾಪುರದ ತ್ರಾಸಿ ಬಳಿ ಬಸ್ ಡಿಕ್ಕಿಯಾಗಿ ಎಂಟು ಮಕ್ಕಳು ಹೋದದ್ದು ಇಂಥ ವ್ಯಾನಿನಲ್ಲೇ. ಡ್ರೈವರ್ ಎಷ್ಟೇ ಜಾಗ್ರತೆಯವನಾದರೂ ಆ ಗಾಡಿಯ ಮುಂಭಾಗದಲ್ಲಿ ಪೆಟ್ಟು ತಡೆಯಲು ಏನೂ ಇಲ್ಲ. ರಸ್ತೆ ಅಷ್ಟು ಕಿರಿದಾಗಿದ್ದರೆ ಮಕ್ಕಳನ್ನು ಮುಖ್ಯರಸ್ತೆಯವರೆಗೆ ನಡೆಸಿ ಕರೆತರುವ ವ್ಯವಸ್ಥೆ ಮಾಡುವುದು ಲೇಸು.

ವಿಂಗರ್ ಮತ್ತು ಟಿಟಿ

ಇಪ್ಪತ್ತರ ಆಸುಪಾಸು ಮಕ್ಕಳ ರೂಟಿಗೆ ನಿಜವಾದ ಪೈಪೋಟಿ ಇವೆರಡರದ್ದು.

ಟಾಟಾ ವಿಂಗರ್ 2007ರಲ್ಲಿ ಬಂದದ್ದು, ಮೂಲ ವಿನ್ಯಾಸ ರೆನೋದ ಟ್ರಾಫಿಕ್ ವ್ಯಾನಿನದ್ದು. ಇದರ ದೊಡ್ಡ ಗುಣ ನೆಲಕ್ಕೆ ಹತ್ತಿರ ಇರುವುದು. ಇಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನು, ಹಾಗಾಗಿ ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ನೆಲ ತಗ್ಗಿಸಬಹುದು. ಚಿಕ್ಕ ಮಕ್ಕಳಿಗೆ ಹತ್ತಿ ಇಳಿಯಲು ಇದರಷ್ಟು ಸುಲಭದ ಗಾಡಿ ಈ ಬೆಲೆಯಲ್ಲಿ ಕಡಿಮೆ. ಆದರೆ ಅದೇ ಗುಣದ ಬೆನ್ನಿಗೇ ಒಂದು ತೊಂದರೆ ಉಂಟು. ಗಾಡಿ ತುಂಬಿ ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಡಾಮರು ಇದ್ದರೆ ಚಿಂತೆ ಇಲ್ಲ. ಪಾಚಿ ಕಟ್ಟಿದ ಚಡಾವಿನಲ್ಲಿ, ಕೆಂಪು ಮಣ್ಣಿನ ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ಮಂಗಳೂರು ನಗರದೊಳಗೆ, ಕದ್ರಿ, ಬಿಜೈ, ಕಂಕನಾಡಿ ಕಡೆ ಓಡಿಸುವವರಿಗೆ ವಿಂಗರ್ ಒಳ್ಳೆಯದು. ಕಾರ್ಕಳ, ಬೆಳ್ತಂಗಡಿ ಕಡೆಯ ಗುಡ್ಡೆ ರಸ್ತೆಗೆ ನಾನು ಹೇಳುವುದಿಲ್ಲ.

ಟಿಟಿ, ಅಂದರೆ ಫೋರ್ಸ್ ಟ್ರಾವೆಲರ್, 1987ರಿಂದ ಇರುವ ಗಾಡಿ. ಆಗ ಕಂಪೆನಿಯ ಹೆಸರು ಬಜಾಜ್ ಟೆಂಪೋ, ಮೂಲ ಮರ್ಸಿಡಿಸ್ ವ್ಯಾನಿನದ್ದು. ಇದರಲ್ಲಿ ತಿರುಗುವುದು ಹಿಂದಿನ ಚಕ್ರ, ಏರು ಎಳೆಯುವುದರಲ್ಲಿ ತಕರಾರಿಲ್ಲ. ಇಲ್ಲಿ ಪ್ರತಿ ಊರಲ್ಲೂ ಇದನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಸಿಗುತ್ತಾರೆ, ಇದರ ಅರ್ಧ ಬಲ ಅದೇ. ಮುಂದಿನ ಗಿಡ್ಡ ಮೂತಿಯಿಂದಾಗಿ ಡ್ರೈವರ್‌ಗೆ ಗಾಡಿಯ ಎದುರಿನ ನೆಲ ಸಾಕಷ್ಟು ಕಾಣುತ್ತದೆ, ಆದರೂ ಎದುರು ದಾಟುವ ಮಗುವನ್ನು ತೋರಿಸುವ ಹೆಚ್ಚುವರಿ ಕನ್ನಡಿ ಹಾಕಿಸಲೇಬೇಕು. ಇದೇ ಕುಟುಂಬದ 33 ಸೀಟಿನ ಮೊನೊಬಸ್ ಕೂಡ ಉಂಟು. ಇದೇ ಕಂಪೆನಿಯ ಹೊಸ ಅರ್ಬೇನಿಯಾ ವ್ಯಾನು ನೋಡಿ ಎಲ್ಲರೂ ಮರುಳಾಗಿದ್ದಾರೆ, ನಿಜಕ್ಕೂ ಚೆಂದದ ಗಾಡಿ. ಆದರೆ ಆ ಬೆಲೆಗೆ ದೊಡ್ಡ ಶಾಲಾ ಬಸ್ಸೇ ಬರುತ್ತದೆ. ಮದುವೆ ದಿಬ್ಬಣಕ್ಕೆ ಇರಲಿ.

ಈ ಎರಡು ಗಾಡಿಗಳ ಬಗ್ಗೆ ಇನ್ನೊಂದು ಮಾತು ಕರಾವಳಿಯವರು ಕೇಳಿಸಿಕೊಳ್ಳಬೇಕು. ಇವುಗಳಿಗೆ ಲಾರಿಯ ಹಾಗೆ ಅಡಿಯಲ್ಲಿ ಪ್ರತ್ಯೇಕ ಚೌಕಟ್ಟು, ಅಂದರೆ ಚಾಸಿ, ಇಲ್ಲ. ಕಾರಿನ ಥರ ಬಾಡಿಯೇ ಎಲುಬು. ಅದರಿಂದಲೇ ಓಟ ಮೆತ್ತಗೆ, ಕುಲುಕಾಟ ಕಡಿಮೆ. ಆದರೆ ತುಕ್ಕು ಹಿಡಿದರೆ ಅದು ಎಲುಬಿಗೇ ಹಿಡಿದಂತೆ. ಚಾಸಿ ಬಸ್ಸಿನಲ್ಲಾದರೆ ಕೊಳೆತ ಶೀಟು ಕತ್ತರಿಸಿ ಹೊಸದು ಹಾಕಬಹುದು. ಇಲ್ಲಿ ಅಷ್ಟು ಸಲೀಸಲ್ಲ. ತೆಗೆದ ಮೊದಲ ಮಳೆಗಾಲಕ್ಕೆ ಮುಂಚೆಯೇ ಅಡಿಭಾಗಕ್ಕೆ ಕೋಟಿಂಗ್ ಮಾಡಿಸಿ, ಪ್ರತಿ ಬೇಸಿಗೆ ರಜೆಯಲ್ಲಿ ಚಕ್ರದ ಕಮಾನಿನ ಒಳಗೆ ನೀರು ಬಿಟ್ಟು ತೊಳೆಸಿ. ಎಂಟು-ಹತ್ತು ವರ್ಷಕ್ಕೆ ಗಾಡಿ ಮಾರುವ ಲೆಕ್ಕ ಇದ್ದವರಿಗೆ ಇದು ಸಮಸ್ಯೆಯೇ ಅಲ್ಲ.

ಮಿನಿ ಬಸ್: ನಡುವಿನ ದಾರಿ

ಮೂವತ್ತು-ನಲ್ವತ್ತು ಮಕ್ಕಳ ರೂಟಿಗೆ ಆಯ್ಕೆ ಜಾಸ್ತಿ. ಟಾಟಾದ ಸಿಟಿರೈಡ್, ಅಶೋಕ್ ಲೇಲ್ಯಾಂಡಿನ ಮಿತ್ರ, ಐಷರ್‌ನ ಸ್ಟಾರ್‌ಲೈನ್ ಮತ್ತು ಸ್ಕೈಲೈನ್, ಮಹೀಂದ್ರದ ಕ್ರೂಜಿಯೊ, ನಾವು ಇನ್ನೂ ಸ್ವರಾಜ್ ಮಜ್ದಾ ಎಂದೇ ಕರೆಯುವ ಎಸ್‌ಎಂಎಲ್. ಎಸ್‌ಎಂಎಲ್ ಕಂಪೆನಿಯನ್ನು 2025ರಲ್ಲಿ ಮಹೀಂದ್ರ ಕೊಂಡಿತು. ಹಾಗಾಗಿ ಸರ್ವಿಸ್ ಸೆಂಟರ್ ಮುಂದೆ ಎಲ್ಲಿರುತ್ತದೆ ಎಂದು ಡೀಲರ್ ಹತ್ತಿರ ಬರೆಸಿಕೊಳ್ಳಿ.

ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳ ಬಹುಪಾಲು ಶಾಲೆಗಳಿಗೆ ಈ ಗಾತ್ರವೇ ಸರಿ. ಚಾಸಿ ಇದೆ, ಏರಿಗೆ ಹಿಂದಿನ ಜೋಡಿ ಚಕ್ರ ಇದೆ, ಸೀಟಿನ ಅಡಿಯಲ್ಲಿ ಬ್ಯಾಗಿಗೆ ಜಾಗ ಇದೆ. ದೊಡ್ಡ ಬಸ್ ಹೋಗದ ಬಹಳಷ್ಟು ಕಡೆ ಇದು ಹೋಗುತ್ತದೆ. ಕೊರತೆ ಎರಡು. ನೆಲ ಎತ್ತರ, ಹಾಗಾಗಿ ಮೆಟ್ಟಿಲು ಒಂದು ಜಾಸ್ತಿ. ಮತ್ತೆ ಓಟ ಒರಟು. ಹಿಂದಿನ ಸೀಟಿನ ಮಕ್ಕಳು ಹಂಪಿನಲ್ಲಿ ಹಾರಿ ಬೀಳುತ್ತಾರೆ, ಅವರಿಗೆ ಅದೇ ಖುಷಿ, ಅಮ್ಮಂದಿರಿಗಲ್ಲ.

ಈ ಗಾತ್ರದಲ್ಲಿ ಬಸ್ ಅಭಿಮಾನಿಗಳ ಜಗಳ ಜೋರು. ಲೇಲ್ಯಾಂಡ್ ಪಕ್ಷದವರು ಇಂಜಿನ್ ಶಬ್ದಕ್ಕೇ ಮತ ಹಾಕುತ್ತಾರೆ. ಟಾಟಾ ಪಕ್ಷದವರು ಸ್ಪೇರ್ ಎಲ್ಲಿ ಬೇಕಾದರೂ ಸಿಗುತ್ತದೆ ಅನ್ನುತ್ತಾರೆ, ಅದು ಸುಳ್ಳಲ್ಲ. ಐಷರ್ ಮೈಲೇಜಿನ ಹೆಸರು ಗಳಿಸಿದೆ. ನಾನು ಪಕ್ಷ ಹಿಡಿಯುವುದಿಲ್ಲ. ನಿಮ್ಮ ಶಾಲೆಯಿಂದ ಅರ್ಧ ಗಂಟೆಯೊಳಗೆ ಯಾರ ಸರ್ವಿಸ್ ಸೆಂಟರ್ ಇದೆಯೋ ಅವರದ್ದನ್ನು ತೆಗೆಯಿರಿ. ಸೋಮವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದಾಗ ಇಂಜಿನ್ನಿನ ನಾದ ಯಾರಿಗೂ ನೆನಪಾಗುವುದಿಲ್ಲ.

ದೊಡ್ಡ ಬಸ್

ಟಾಟಾ ಸ್ಟಾರ್‌ಬಸ್, ಐಷರ್ ಸ್ಕೈಲೈನ್‌ನ ಉದ್ದದ ಮಾದರಿ, ಲೇಲ್ಯಾಂಡಿನ ಸನ್‌ಶೈನ್, ಭಾರತ್‌ಬೆಂಝ್. ಟಾಟಾ ಬಸ್ಸುಗಳ ಬಾಡಿ ಕಟ್ಟುವ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇರುವುದು, ಬ್ರೆಜಿಲಿನ ಮಾರ್ಕೊಪೋಲೊ ಜೊತೆ ಸೇರಿ ಶುರು ಮಾಡಿದ್ದು. ಸನ್‌ಶೈನ್ ಅನ್ನು 2016ರ ಆಟೋ ಎಕ್ಸ್‌ಪೋದಲ್ಲಿ ತೋರಿಸಿದಾಗ ಬಸ್ ಮಗುಚಿದರೂ ಮೇಲ್ಛಾವಣಿ ಕುಸಿಯದ ಹಾಗೆ, ಎದುರಿನಿಂದ ಪೆಟ್ಟು ಬಿದ್ದರೆ ತಡೆಯುವ ಹಾಗೆ ಕಟ್ಟಿದ್ದೇವೆ ಎಂದು ಕಂಪೆನಿ ಹೇಳಿತ್ತು. ಗ್ಲಾಸು ಲೈಟು ಬಿಟ್ಟು ಇಂಥದ್ದರ ಬಗ್ಗೆ ಅಭಿಮಾನಿಗಳು ಮಾತಾಡಿದಾಗ ಕಿವಿಗೊಡಿ. ಭಾರತ್‌ಬೆಂಝ್ ಓಡಿಸಿದ ಡ್ರೈವರುಗಳು ಅದರ ಓಟ ಹೊಗಳುತ್ತಾರೆ, ಲೆಕ್ಕ ಬರೆಯುವವರು ಸ್ಪೇರಿನ ಬಿಲ್ಲು ತೋರಿಸುತ್ತಾರೆ.

ಒಂದು ದೊಡ್ಡ ಬಸ್ ತೆಗೆದರೆ ಒಬ್ಬ ಡ್ರೈವರ್, ಒಬ್ಬ ಆಯಾ, ಒಂದು ಇನ್ಶೂರೆನ್ಸ್. ಎರಡು ಟಿಟಿಯಾದರೆ ಎಲ್ಲವೂ ಎರಡು. ಲೆಕ್ಕ ಪುಸ್ತಕದಲ್ಲಿ ದೊಡ್ಡ ಬಸ್ಸೇ ಗೆಲ್ಲುತ್ತದೆ. ಆದರೆ ಐವತ್ತು ಮಕ್ಕಳನ್ನು ಹತ್ತಿಸಲು ಮೂವತ್ತು ಸ್ಟಾಪ್ ಬೇಕು. ಮೊದಲು ಹತ್ತಿದ ಮಗು ಗಂಟೆಗೂ ಮೇಲೆ ಬಸ್ಸಿನಲ್ಲೇ ಕೂತಿರುತ್ತದೆ. ಹೆದ್ದಾರಿ ಉದ್ದಕ್ಕೂ ಮಕ್ಕಳು ಇರುವ ಶಾಲೆಗೆ, ಉದಾಹರಣೆಗೆ ಪಡುಬಿದ್ರಿಯಿಂದ ಸುರತ್ಕಲ್‌ವರೆಗಿನ ರೂಟಿಗೆ, ದೊಡ್ಡ ಬಸ್ ಸರಿ. ಹೆದ್ದಾರಿಯಲ್ಲಿ ಹೊಡೆತ ತಡೆಯುವ ಗಾಡಿ ಬೇಕು ಕೂಡ. ಆದರೆ ಬಾಗಿಲು ಎಡಕ್ಕೆ ಇರುವುದು. ಬಲಬದಿಯ ಮನೆಯ ಮಗು ಹೆದ್ದಾರಿ ದಾಟಬೇಕಾಗುತ್ತದಾದರೆ ಹೋಗುವಾಗ ಒಂದು ಬದಿಯ ಮಕ್ಕಳು, ಬರುವಾಗ ಇನ್ನೊಂದು ಬದಿಯವರು ಎಂದು ರೂಟನ್ನೇ ಬೇರೆ ಮಾಡಿ, ಎರಡು ಲೀಟರ್ ಡೀಸೆಲ್ ಜಾಸ್ತಿ ಹೋಗಲಿ.

ಎಲೆಕ್ಟ್ರಿಕ್ ಈಗಲೇ ಬೇಕಾ?

ಬಸ್ ಅಭಿಮಾನಿಗಳು ಎರಡು ಬಣವಾಗಿ ಒಡೆದಿರುವುದು ಇಲ್ಲೇ. ಗುಣದಲ್ಲಿ ಎಲೆಕ್ಟ್ರಿಕ್ ಬಸ್ ಶಾಲೆಗೆಂದೇ ಹುಟ್ಟಿದ ಹಾಗಿದೆ. ರೂಟ್ ಗಿಡ್ಡ, ಹತ್ತು ಗಂಟೆಯಿಂದ ಮೂರು ಗಂಟೆವರೆಗೆ ಚಾರ್ಜಿಗೆ ಬಿಡುವು, ಹೊಗೆ ಇಲ್ಲ, ಮಸಿ ಫಿಲ್ಟರಿನ ತಲೆನೋವೂ ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಒಂದಿಷ್ಟು ಕರೆಂಟ್ ವಾಪಸ್ ಬರುತ್ತದೆ.

ಆದರೆ ಲೆಕ್ಕ ಹಾಕಿ. ದಿನಕ್ಕೆ 70 ಕಿ.ಮೀ., ವರ್ಷಕ್ಕೆ 220 ಶಾಲಾ ದಿನ ಎಂದರೆ 15,400 ಕಿ.ಮೀ. ಲೀಟರಿಗೆ 6 ಕಿ.ಮೀ. ಕೊಡುವ ಡೀಸೆಲ್ ಬಸ್ಸಿಗೆ 2,570 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ವರ್ಷದ ಖರ್ಚು ಸುಮಾರು 2.3 ಲಕ್ಷ. ಕರೆಂಟಿಗೆ ಒಂದು ಲಕ್ಷ ಹೋದರೆ ಉಳಿಯುವುದು ಲಕ್ಷದ ಮೇಲೆ ಚಿಲ್ಲರೆ. ಎಲೆಕ್ಟ್ರಿಕ್ ಬಸ್ಸಿನ ಬೆಲೆ ಮಾತ್ರ ಡೀಸೆಲ್ ಬಸ್ಸಿನ ಎರಡು ಪಟ್ಟಿಗೂ ಮೇಲೆ. ಆ ಹೆಚ್ಚುವರಿ ಹಣ ವಾಪಸ್ ಬರುವಷ್ಟರಲ್ಲಿ ಈಗಿನ ಯುಕೆಜಿ ಮಕ್ಕಳ ಮಕ್ಕಳು ಶಾಲೆಗೆ ಸೇರಿರುತ್ತಾರೆ. ದಿನವಿಡೀ ಓಡುವ ಸಿಟಿ ಬಸ್ಸಿಗೆ ಲಾಭ ಆಗುವ ಲೆಕ್ಕ ದಿನಕ್ಕೆ ಎರಡು ಸಲ ಓಡುವ ಶಾಲಾ ಬಸ್ಸಿಗೆ ಆಗುವುದಿಲ್ಲ. ಸೋಲಾರ್ ಇರುವ, ದಾನಿಗಳು ಸಿಗುವ ದೊಡ್ಡ ಕ್ಯಾಂಪಸ್ಸಿನವರು ಬೇಕಾದರೆ ಯೋಚಿಸಲಿ.

ಹಣ ಕಮ್ಮಿ ಇದ್ದರೆ

2025ರ ಸೆಪ್ಟೆಂಬರ್ 22ರಿಂದ ಡ್ರೈವರ್ ಸೇರಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೂರುವ ಗಾಡಿಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಅದಕ್ಕೆ ಮುಂಚಿನ ಕೊಟೇಶನ್ ಯಾರಾದರೂ ತೋರಿಸಿ ಹೆದರಿಸಿದರೆ ಹೊಸದು ಕೇಳಿ. ಹೊಸದಕ್ಕೆ ಆಗುವುದೇ ಇಲ್ಲ ಎಂದಾದರೆ ಸೆಕೆಂಡ್ ಹ್ಯಾಂಡ್ ಮಿನಿ ಬಸ್ ನೋಡಿ, ಸೆಕೆಂಡ್ ಹ್ಯಾಂಡ್ ಟಿಟಿಗಿಂತ ಅದೇ ಮೇಲು, ತುಕ್ಕಿನ ಕಾರಣ ಆಗಲೇ ಹೇಳಿದೆನಲ್ಲ. ಬಿಎಸ್-4 ಗಾಡಿಗಳಿಗೆ ಗ್ಯಾರೇಜಿನವರಲ್ಲಿ ಈಗಲೂ ಮೆಚ್ಚುಗೆ ಇದೆ, ಫಿಲ್ಟರಿನ ರಗಳೆ ಕಮ್ಮಿ ಅಂತ. ಆದರೆ ಅವಕ್ಕೆ ವಯಸ್ಸಾಯಿತು, ಮುಂದಿನ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಎಷ್ಟು ಖರ್ಚು ಬೀಳುತ್ತದೆ ಎಂದು ಮೆಕ್ಯಾನಿಕ್ ಕರೆದುಕೊಂಡು ಹೋಗಿ ಕೇಳಿ. ನೆಲದ ಮ್ಯಾಟ್ ಎತ್ತಿಸಿ ನೋಡಿ. ಮೆಟ್ಟಿಲಿನ ಮೂಲೆಗೆ, ಹಿಂದಿನ ಎಮರ್ಜೆನ್ಸಿ ಬಾಗಿಲಿನ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಹೋದರೆ ಗಾಡಿ ಬೇಡ. ಹೊರಗಿನ ತೂತುಗಳಿಗೆ ಪುಟ್ಟಿ ಹಾಕಿ ಬಣ್ಣ ಹೊಡೆಸುವುದು ಎರಡು ದಿನದ ಕೆಲಸ.

ಹೊಸದಾದರೂ ಹಳತಾದರೂ ಡೀಲರ್‌ನಿಂದ ಟ್ರಯಲ್ ಕೇಳಿ, ಶೋರೂಮಿನ ಎದುರಿನ ರಸ್ತೆಯಲ್ಲಿ ಅಲ್ಲ, ನಿಮ್ಮ ಅತಿ ಕಷ್ಟದ ರೂಟಿನಲ್ಲಿ. ಖಾಲಿ ಗಾಡಿ ಬೇಡ, ಮರಳಿನ ಚೀಲ ತುಂಬಿ. ಓಡಿಸುವುದು ಶೋರೂಮಿನ ಡ್ರೈವರ್ ಅಲ್ಲ, ನಾಳೆಯಿಂದ ಓಡಿಸಬೇಕಾದ ನಿಮ್ಮ ಡ್ರೈವರಣ್ಣ. ಆಯಾ ಕೂಡ ಬರಲಿ. ಮತ್ತೆ ಬುಕಿಂಗ್ ಮಾರ್ಚ್ ಒಳಗೆ ಮುಗಿಸಿ. ಚಾಸಿ ತಂದು ಹೊರಗೆ ಬಾಡಿ ಕಟ್ಟಿಸುವವರಾದರೆ ಇನ್ನೂ ಮುಂಚೆ. ಮೇ ತಿಂಗಳಲ್ಲಿ ಆರ್‌ಟಿಒದಲ್ಲಿ ಎಲ್ಲ ಶಾಲೆಗಳ ಗಾಡಿಗಳೂ ಎಫ್‌ಸಿಗೆ ಸಾಲು ನಿಂತಿರುತ್ತವೆ, ಆಗ ಹೊಸ ಗಾಡಿಯ ರಿಜಿಸ್ಟ್ರೇಶನ್ ತಡವಾದರೆ ಜೂನ್ ಮೊದಲ ವಾರಕ್ಕೆ ಬಾಡಿಗೆ ಗಾಡಿ ಹುಡುಕಬೇಕಾಗುತ್ತದೆ.